ತಕ್ಕಡಿ ಸಾಹೇಬರ ಚಾಸಿ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮೋಟಾರ್‌ಸೈಕಲ್ಲಿನ ಕಥೆ ಹೇಳುವವನು ಒಮ್ಮೆಯಾದರೂ ಅದರ ಮೇಲಿಂದ ಬಿದ್ದಿರಬೇಕು. ನಾನು ಬಿದ್ದದ್ದೆಲ್ಲ ಬರೀ ಸೈಕಲ್ಲಿನಿಂದ. ಅದೂ ಅಲ್ಲದೆ ಕಥಾನಾಯಕರು ಇನ್ನೂ ನೌಕರಿಯಲ್ಲಿದ್ದಾರೆ, ಇದೇ ಬೀದಿಯಲ್ಲಿದ್ದಾರೆ, ಎದುರು ಸಿಕ್ಕರೆ ನಮಸ್ಕಾರ ಹೇಳುತ್ತಾರೆ. ಹಾಗಿದ್ದೂ ಬಾಯಿ ತೆರೆಯುತ್ತಿರುವುದಕ್ಕೆ ಕಾರಣ ಇಷ್ಟೆ. ಈ ಕಥೆಯನ್ನು ದಿನಸಿ ಅಂಗಡಿಯವರು ಹೇಳುವಾಗ ತಮ್ಮ ತಕ್ಕಡಿಯ ವಿಷಯ ಬಿಟ್ಟುಬಿಡುತ್ತಾರೆ. ಎದುರುಮನೆಯ ನರ್ಸಮ್ಮ ಹೇಳುವಾಗ ತಾವು ಹೇಳಿದ ಕಾಯಿಲೆಯ ವಿಷಯ ಬಿಟ್ಟುಬಿಡುತ್ತಾರೆ. ಯಾವುದನ್ನೂ ಬಿಡದೆ ಹೇಳುವವರು ಒಬ್ಬರಾದರೂ ಬೇಕಲ್ಲ. ತಪ್ಪಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ನಮ್ಮ ನಾಯಕರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ. ಉಳಿದ ದಿನಗಳಲ್ಲಿ ಅವರು ತಕ್ಕಡಿ ಸಾಹೇಬರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ. ಹೆಗಲಿಗೆ ಚರ್ಮದ ಪಟ್ಟಿಯ ಒಂದು ಮರದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಮಲಗಿದ ಹಿತ್ತಾಳೆಯ ತೂಕದ ಬಟ್ಟುಗಳು. ಪಕ್ಕದಲ್ಲೊಂದು ಪುಟ್ಟ ಸುತ್ತಿಗೆ, ಅದರ ಮೂತಿಯಲ್ಲಿ ಸರ್ಕಾರದ ಮುದ್ರೆ. ಅಂಗಡಿಯ ತಕ್ಕಡಿ ಸರಿಯಿದ್ದರೆ ಅದಕ್ಕೆ ಟಣ್ ಎಂದು ಒಂದು ಪೆಟ್ಟು. ಸರಿಯಿಲ್ಲದಿದ್ದರೆ ತಕ್ಕಡಿಗೆ ಪೆಟ್ಟಿಲ್ಲ, ಪೆಟ್ಟೆಲ್ಲ ಅಂಗಡಿಯವನಿಗೆ.

ಸಾಹೇಬರ ಹೆಮ್ಮೆಯೆಲ್ಲ ತಮ್ಮ ಕಣ್ಣಿನ ಬಗ್ಗೆ. ಅಂಗಡಿಯ ಮೆಟ್ಟಿಲ ಮೇಲೇ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ ಒಮ್ಮೆ ನೋಡುವರು. “ಬಲಗಡೆ ತಟ್ಟೆ ಭಾರ” ಎನ್ನುವರು. ಬಟ್ಟು ಇಟ್ಟು ನೋಡಿದರೆ ಬಲಗಡೆ ತಟ್ಟೆ ಭಾರವೇ ಆಗಿರುತ್ತಿತ್ತು. ಹೀಗೆ ಒಂದು ದಿನ ದಿನಸಿ ಅಂಗಡಿಯವರ ತಕ್ಕಡಿಯನ್ನು ನೋಡಿದರು, ಸುತ್ತಿಗೆಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು.

“ತಕ್ಕಡಿ ಸರಿಯಾಗೇ ಇದೆ ಸಾಹೇಬ್ರೇ. ಮೇಜು ಸ್ವಲ್ಪ ವಾಲಿದೆ ಅಷ್ಟೇ,” ಎಂದರು ಅಂಗಡಿಯವರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಂಡಿ ಸೊಟ್ಟ ಇದೆ, ತಿದ್ದಿಸಿ.”

“ಕೂದಲೆಳೆಯಷ್ಟು ಸೊಟ್ಟ ಇದ್ರೆ ಯಾವ ಪ್ರಪಂಚ ಮುಳುಗುತ್ತೆ?”

“ಕೂದಲೆಳೆಯಷ್ಟಿದ್ರೂ ಸೊಟ್ಟ ಸೊಟ್ಟಾನೇ.”

ಈ ಮಾತನ್ನು ಅಂಗಡಿಯವರು ಉಪ್ಪಿನಲ್ಲಿ ಹಾಕಿಟ್ಟರು. ಉಪ್ಪಿನಲ್ಲಿ ಹಾಕಿದ್ದು ಕೆಡುವುದಿಲ್ಲ.

ಇಂಥ ಸಾಹೇಬರಿಗೆ ನಡುವಯಸ್ಸಿನಲ್ಲಿ ಮೋಟಾರ್‌ಸೈಕಲ್ಲಿನ ಹುಚ್ಚು ಹಿಡಿಯಿತು. ಅದೂ ನಾವು ನೀವು ಓಡಿಸುವಂಥದ್ದಲ್ಲ, ಟ್ರಯಲ್ಸ್ ಬೈಕು. ಈ ಟ್ರಯಲ್ಸ್ ಎನ್ನುವ ಪಂದ್ಯದಲ್ಲಿ ಓಟವೇ ಇಲ್ಲ. ಬಂಡೆ, ಮರದ ದಿಮ್ಮಿ, ಕೆಸರಿನ ಗುಂಡಿ ಇರುವ ಜಾಗದಲ್ಲಿ ಎರಡು ಹಗ್ಗ ಕಟ್ಟಿರುತ್ತಾರೆ. ಆ ಹಗ್ಗಗಳ ನಡುವೆ, ಬೈಕಿನ ಮೇಲೆ ನಿಂತುಕೊಂಡೇ, ಕಾಲನ್ನು ನೆಲಕ್ಕೆ ತಾಗಿಸದೆ ಇರುವೆಯ ಹಾಗೆ ಹತ್ತಿ ಇಳಿದು ಆಚೆ ಸೇರಬೇಕು. ಕಾಲೂರಿದರೆ ತಪ್ಪು. ಯಾರು ಬೇಗ ಬಂದರು ಎಂದು ಯಾರೂ ಕೇಳುವುದಿಲ್ಲ.

“ಅಂದ್ರೆ, ಗಾಡಿ ತಗೊಂಡು ನಡೆಯೋರಿಗಿಂತ ನಿಧಾನ ಹೋಗೋಕೆ ಪಂದ್ಯಾನಾ?” ಎಂದು ಸಾಹೇಬರ ಹೆಂಡತಿ ಕೇಳಿದ್ದರು.

“ಅದರಲ್ಲೇ ಇರೋದು ಕಣೇ ಸೊಗಸು. ತೂಕ ಒಂದು ಚೂರೂ ಆ ಕಡೆ ಈ ಕಡೆ ಆಗಬಾರದು. ನನಗೆ ಅಂತಲೇ ಮಾಡಿದ ಆಟ.”

ಬೈಕು ಸಿಕ್ಕಿದ್ದು ಊರಾಚೆಯ ಹಳೆಯ ಕಲ್ಲುಕ್ವಾರಿಯ ಶೆಡ್ಡಿನಲ್ಲಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೋಳಿಯೊಂದು ಕಾವು ಕೂತಿತ್ತು. ಅದು ಏಳುವವರೆಗೆ ಕಾದು, ಸಾಹೇಬರು ಬೈಕನ್ನು ಬಾವಮೈದನ ಸಾಮಾನು ಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಗಾಡಿಯಿಂದ ಇಳಿಸುವಾಗ ಬೀದಿ ಬೀದಿಯೇ ನೆರೆದಿತ್ತು. ಮೂಲೆಯ ವೆಲ್ಡಿಂಗ್ ಶೆಡ್ಡಿನ ಕಿಡಿಯಣ್ಣನೂ ಕನ್ನಡಕ ಹಣೆಗೇರಿಸಿಕೊಂಡು ಬಂದ. ಬೈಕಿನ ಸುತ್ತ ಒಂದು ಸುತ್ತು ಹಾಕಿ ತಲೆ ಕೆರೆದುಕೊಂಡ.

“ಸಾಹೇಬ್ರೇ, ಚಾಸಿ ಸೊಟ್ಟ ಇದ್ದ ಹಾಗಿದೆಯಲ್ಲ?”

ಚಾಸಿ ಅಂದರೆ ಬೈಕಿನ ಅಸ್ಥಿಪಂಜರ. ಎಂಜಿನ್, ಚಕ್ರ, ಹ್ಯಾಂಡಲ್ ಎಲ್ಲ ಕೂರುವುದು ಅದರ ಮೇಲೆ. ಅದೇ ಸೊಟ್ಟ ಎಂದರೆ ಮುಗಿದಂತೆ. ಸಾಹೇಬರು ಹಿಂದಿನ ಚಕ್ರದ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಎಡಗಣ್ಣು ಮುಚ್ಚಿದರು.

“ನೇರ,” ಎಂದರು ಸಾಹೇಬರು. “ದಾರ ಹಿಡಿದ ಹಾಗೆ ನೇರ.”

“ಒಂದು ಕೂದಲೆಳೆಯಷ್ಟು...?” ಎಂದು ಹಿಂದಿನಿಂದ ಒಂದು ಮೆತ್ತನೆಯ ದನಿ ಬಂತು. ದಿನಸಿ ಅಂಗಡಿಯವರು.

ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಾಹೇಬರು ಎದ್ದು ನಿಂತು, ಪ್ಯಾಂಟಿನ ಮಂಡಿ ಕೊಡವಿಕೊಂಡು, “ಇದರಲ್ಲಿ ಕೂದಲೆಳೆಯಷ್ಟು ಸೊಟ್ಟ ತೋರಿಸಿದರೆ ನನ್ನ ಮುದ್ರೆ ಸುತ್ತಿಗೆ ನಿಮ್ಮ ಕೈಗೆ ಕೊಟ್ಟುಬಿಡ್ತೀನಿ,” ಎಂದರು.

ಅಂಗಡಿಯವರು ಇದನ್ನೂ ಉಪ್ಪಿಗೆ ಹಾಕಿದರು.

ಬೈಕು ಮುಂದಿನ ಕೋಣೆಯಲ್ಲಿ ಬಿಚ್ಚಿಕೊಂಡು ಮಲಗಿತು. ಮನೆಗೆ ಬಂದ ನೆಂಟರು ಚಕ್ರದ ಕಡ್ಡಿಗಳ ನಡುವಿನಿಂದ ಕೈ ತೂರಿಸಿ ಕಾಫಿ ಲೋಟ ತೆಗೆದುಕೊಂಡರು. ಕಾರ್ಬೊರೇಟರು ಹಾಲಿನ ಪಾತ್ರೆಯಲ್ಲಿ ಕುದಿಯಿತು. ಟೀ ಸೋಸುವ ಜರಡಿ ಒಂದು ದಿನ ಮಾಯವಾಗಿ, ಪೆಟ್ರೋಲ್ ಟ್ಯಾಂಕಿನ ಬಾಯಲ್ಲಿ ಪತ್ತೆಯಾಯಿತು. ಸಾಹೇಬರು ತುಕ್ಕು ಉಜ್ಜಿದರು, ಬಣ್ಣ ಬಳಿದರು, ಒಂದೊಂದು ತಿರುಪನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು. ಬ್ರಷ್ಷು ಯಾರದು ಎಂಬ ವಿಚಾರಣೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕಡೆಗೊಂದು ದಿನ ಕಿಕ್ ಹೊಡೆದಾಗ ಬೈಕು ಕೆಮ್ಮಿ, ಸೀನಿ, ಗುಡುಗಿತು. ಗೋಡೆಯ ಗಡಿಯಾರ ಕೆಳಗೆ ಬಿತ್ತು.

ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗದಲ್ಲಿ ಸಾಹೇಬರು ಮೊದಲ ಸಲ ಅದನ್ನು ಹತ್ತಿ ನಿಂತರು. ಕ್ಲಚ್ ಬಿಟ್ಟರು. ಬೈಕು ಎಡಕ್ಕೆ ಹೋಯಿತು. ಸಾಹೇಬರು ಹ್ಯಾಂಡಲ್ಲನ್ನು ನೇರವೇ ಹಿಡಿದಿದ್ದರು. ಇನ್ನೊಮ್ಮೆ ನೋಡಿದರು. ಇನ್ನೊಮ್ಮೆಯೂ ಎಡಕ್ಕೆ. ಹುಲ್ಲು ಮೇಯಲು ಹೊರಟ ಎತ್ತಿನ ಹಾಗೆ ಅದಕ್ಕೆ ಎಡಗಡೆಯೇ ಇಷ್ಟ.

ಚಾಸಿ ಸೊಟ್ಟ ಇತ್ತು. ಸಾಹೇಬರಿಗೆ ಅದು ಆ ಗಳಿಗೆಯಲ್ಲೇ ಗೊತ್ತಾಯಿತು. ಆದರೆ ಗೊತ್ತಾಗುವುದೇ ಬೇರೆ, ಒಪ್ಪುವುದೇ ಬೇರೆ. ಒಪ್ಪಿದರೆ ಸುತ್ತಿಗೆ ದಿನಸಿ ಅಂಗಡಿಗೆ ಹೋಗುತ್ತದೆ. ಒಂದು ಚಾಸಿ ನೋಡಲಾರದ ಕಣ್ಣು ನಮ್ಮ ತಕ್ಕಡಿ ಏನು ನೋಡೀತು ಎಂದು ಇಡೀ ಪೇಟೆ ನಗುತ್ತದೆ. ಉಗುಳುವಂತಿಲ್ಲ, ನುಂಗುವಂತಿಲ್ಲ. ಹಾಗಾಗಿ ಸಾಹೇಬರು ಮೂರನೆಯ ದಾರಿ ಹಿಡಿದರು. ಬೈಕು ಎಡಕ್ಕೆ ಸೊಟ್ಟ ಇದ್ದರೆ ತಾವು ಬಲಕ್ಕೆ ಸೊಟ್ಟ ಆಗುವುದು. ಎರಡು ಸೊಟ್ಟ ಕೂಡಿದರೆ ಒಂದು ನೇರ. ತಕ್ಕಡಿಯ ನ್ಯಾಯವೂ ಅದೇ ಅಲ್ಲವೆ?

ಬಲ ಸೊಂಟ ಹೊರಗೆ, ಬಲ ಮಂಡಿ ಮಡಿಚಿ, ಎಡ ಮೊಣಕೈ ಮೇಲೆ, ಕತ್ತು ಕೋಳಿಯ ಹಾಗೆ ವಾರೆ. ಕೆಲವು ತಿಂಗಳಲ್ಲಿ ಈ ಭಂಗಿ ಅವರಿಗೆ ಎಷ್ಟು ಒಗ್ಗಿತೆಂದರೆ ಬೈಕು ಬಾಣದ ಹಾಗೆ ನೇರ ಹೋಗತೊಡಗಿತು. ಇಟ್ಟಿಗೆಯ ರಾಶಿ ಹತ್ತಿತು, ದಿಮ್ಮಿ ದಾಟಿತು, ಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ. ಸಾಹೇಬರ ಎದೆ ಉಬ್ಬಿತು. ತೊಂದರೆ ಒಂದೇ. ಬೈಕಿನಿಂದ ಇಳಿದ ಮೇಲೂ ಭಂಗಿ ಇಳಿಯಲಿಲ್ಲ.

ಮೊದಲು ಗಮನಿಸಿದವರು ನರ್ಸಮ್ಮ. ನಿವೃತ್ತರಾದ ಮೇಲೆ ಅವರಿಗೆ ರೋಗಿಗಳ ಬರಗಾಲ. ಒಂದು ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ ಸಾಹೇಬರು ಬಲಕ್ಕೆ ವಾಲಿಕೊಂಡು ಬರುವುದನ್ನು ಕಂಡು ಅಡ್ಡ ನಿಂತರು.

“ನಗಿ,” ಎಂದರು.

“ಏನಮ್ಮ?”

“ನಗಿ ಅಂದೆ. ಹಲ್ಲು ಕಾಣಬೇಕು.”

ಸಾಹೇಬರು ನಕ್ಕರು. ಸರ್ಕಾರಿ ನೌಕರರ ನಗು, ಸಹಜವಾಗಿಯೇ ಅರ್ಧ ಬಂತು.

“ಅಯ್ಯೋ, ಒಂದೇ ಕಡೆ ನಗು! ಎರಡೂ ಕೈ ಎತ್ತಿ.”

ಎತ್ತಿದರು. ಬಲಗೈ ಎಡಗೈಗಿಂತ ಒಂದು ಗೇಣು ಕೆಳಗೆ ನಿಂತಿತು.

“ಪಾರ್ಶ್ವವಾಯು!” ಎಂದರು ನರ್ಸಮ್ಮ. ಆ ದನಿಯಲ್ಲಿ ದುಃಖ ಎಷ್ಟಿತ್ತು, ಸಂತೋಷ ಎಷ್ಟಿತ್ತು ಎಂದು ಬೇರೆ ಮಾಡಿ ತೂಗುವುದು ಕಷ್ಟ. “ಎಷ್ಟು ದಿನದಿಂದ ಹೀಗೆ ವಾಲ್ತಾ ಇದೀರಿ?”

‘ಇಲ್ಲಮ್ಮ, ಬೈಕು ಸೊಟ್ಟ’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಸಾಹೇಬರು ಬಾಯಿಯನ್ನೂ ತೆರೆದರು. ಅಷ್ಟರಲ್ಲಿ ಅಂಗಡಿಯವರು ಅಕ್ಕಿಯ ಮೂಟೆಯ ಮೇಲಿಂದ ಬಾಗಿ, ಕಿವಿ ಅಗಲ ಮಾಡಿಕೊಂಡು ಕೇಳಿಸಿಕೊಳ್ಳುತ್ತಿರುವುದು ಕಂಡಿತು.

“ಹೂಂ... ಸೊಂಟ... ಸ್ವಲ್ಪ ದಿನದಿಂದ,” ಎಂದರು ಸಾಹೇಬರು.

ಸಂಜೆಯೊಳಗೆ ಸುದ್ದಿ ಊರು ತುಂಬಿತು. ಬೀದಿಯ ಈ ತುದಿಯಲ್ಲಿ ಸೊಂಟ ಹಿಡಿದಿದ್ದ ಸಾಹೇಬರಿಗೆ ಆ ತುದಿ ಮುಟ್ಟುವಷ್ಟರಲ್ಲಿ ಮಾತು ನಿಂತುಹೋಗಿತ್ತು. ಮರುದಿನದ ಮೊದಲ ಬಸ್ಸಿಗೇ ಅವರ ದೊಡ್ಡಕ್ಕ ಬಂದಿಳಿದರು. ಬ್ಯಾಗಿನ ಗಾತ್ರ ನೋಡಿದರೆ ತಮ್ಮ ಗುಣವಾದರೂ ಆಗಲಿ, ಆಗದೆಯೇ ಹೋಗಲಿ, ಎರಡಕ್ಕೂ ತಯಾರಾಗಿ ಬಂದಂತಿತ್ತು.

“ನಮ್ಮಪ್ಪನೂ ಹೀಗೇ ವಾಲಿದ್ದು ಕಣೋ!” ಎಂದು ಬಾಗಿಲಲ್ಲೇ ಶುರುಮಾಡಿದರು.

“ಅಕ್ಕ, ಅಪ್ಪ ವಾಲಿದ್ದು ಒಂದು ಕಾಲು ಗಿಡ್ಡ ಇತ್ತು ಅಂತ.”

“ನೋಡಮ್ಮಾ, ಮಾತೂ ತಡವರಿಸ್ತಾ ಇದೆ!” ಎಂದು ದೊಡ್ಡಕ್ಕ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ, ಸಾಹೇಬರ ಹೆಂಡತಿಯ ಕಡೆ ತಿರುಗಿದರು. “ನೀನು ಇದನ್ನೆಲ್ಲ ನೋಡ್ಕೊಂಡು ಸುಮ್ಮನಿದೀಯಲ್ಲ!”

ಅಂದಿನಿಂದ ಸಾಹೇಬರ ಊಟದ ತಟ್ಟೆಗೆ ಚಮಚ ಬಂತು. ಸ್ನಾನದ ಮನೆಗೆ ಕುರ್ಚಿ ಬಂತು. ಬಂದವರೆಲ್ಲ ಕಿತ್ತಳೆಹಣ್ಣು ತಂದರು. ಎಡಗಡೆ ಕೂತರೆ ರೋಗಿಗೆ ಕೇಳಿಸುವುದಿಲ್ಲ ಎಂದು ಯಾರೋ ಹೇಳಿ, ಎಲ್ಲರೂ ಬಲಗಡೆಯೇ ಕೂತರು.

ಇಷ್ಟಾದರೂ ಸಾಹೇಬರು ತಡೆದುಕೊಂಡಿದ್ದರು. ಆದರೆ ಪೇಟೆಯವರು ಸುಮ್ಮನಿರಲಿಲ್ಲ. ದಿನಸಿ ಅಂಗಡಿಯವರು, ಬಟ್ಟೆ ಅಂಗಡಿಯವರು, ಮೊಳೆ ಅಂಗಡಿಯವರು ಗುಂಪು ಕಟ್ಟಿಕೊಂಡು ಸಾಹೇಬರ ಮೇಲಧಿಕಾರಿ ಮೇಡಂ ಬಳಿ ಹೋದರು.

“ಮೇಡಂ, ಸಾಹೇಬ್ರ ಆರೋಗ್ಯದ ಬಗ್ಗೆ ನಮಗೆ ತುಂಬಾ ಸಂಕಟ ಆಗಿದೆ,” ಎಂದು ದಿನಸಿ ಅಂಗಡಿಯವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ಆದರೆ ಒಂದು ಸಣ್ಣ ಅನುಮಾನ. ಮನುಷ್ಯ ಹೀಗೆ ವಾಲಿ ನಿಂತು ತಕ್ಕಡಿ ಮುಳ್ಳು ನೋಡಿದರೆ, ಮುಳ್ಳೇ ವಾಲಿದ ಹಾಗೆ ಕಾಣಲ್ವಾ? ಅಂದ್ರೆ, ನನ್ನ ತಕ್ಕಡಿ ಸರಿಯಾಗೇ ಇತ್ತು. ವಾಲಿದ್ದು ಸಾಹೇಬ್ರು.”

“ನನ್ನ ಗಜಕಡ್ಡೀನೂ,” ಎಂದರು ಬಟ್ಟೆ ಅಂಗಡಿಯವರು.

ಮೇಡಂ ಒಳ್ಳೆಯವರು, ಆದರೆ ನಿಯಮದವರು. ಸಾಹೇಬರನ್ನು ಕರೆಸಿ ಕೂರಿಸಿದರು. ಸಾಹೇಬರು ಕುರ್ಚಿಯಲ್ಲಿ ಬಲಕ್ಕೆ ಜಾರಿ ಕೂತರು. ಮೇಡಂ ತಮಗೆ ತಿಳಿಯದ ಹಾಗೆ ತಾವೂ ಬಲಕ್ಕೆ ಬಾಗಿ ಮಾತಾಡಿದರು.

“ನೋಡಿ, ಇವರ ದೂರು ನಿಜವಾದರೆ ಇಡೀ ಪೇಟೆಯ ತಕ್ಕಡಿಗಳನ್ನ ಮತ್ತೆ ನೋಡಿಸಬೇಕಾಗುತ್ತೆ. ನಿಮ್ಮನ್ನ ಉಗ್ರಾಣದಲ್ಲಿ ಕೂರಿಸಬೇಕಾಗುತ್ತೆ. ನಿಮಗೆ ನಿಜವಾಗಿ ಏನಾಗಿದೆ ಹೇಳಿ.”

“ಏನೂ ಆಗಿಲ್ಲ ಮೇಡಂ. ಈ ಭಾನುವಾರ ಕ್ವಾರಿಯಲ್ಲಿ ಹಳೇ ಬೈಕುಗಳ ಟ್ರಯಲ್ಸ್ ಇದೆ. ಬನ್ನಿ. ಬಂಡೆ ಮೇಲೆ ಕಾಲೂರದೆ ದಾಟಿ ತೋರಿಸ್ತೀನಿ. ಪಾರ್ಶ್ವವಾಯು ಬಡಿದವರಿಗೆ ಬಂಡೆ ಹತ್ತೋಕಾಗುತ್ತಾ?”

ಮೇಡಂ ಯೋಚಿಸಿ ಒಪ್ಪಿದರು. ಮನೆಯಲ್ಲಿ ಹೆಂಡತಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನೆಂಟರ ಮಾತು ಕೇಳಿ ಕೇಳಿ ಅವರಿಗೆ ನಿಜಕ್ಕೂ ಹೆದರಿಕೆ ಹಿಡಿದಿತ್ತು.

“ಆ ಸುಡುಗಾಡು ಬೈಕು ಬಂದ ಮೇಲೇ ಇದೆಲ್ಲ ಶುರುವಾಗಿದ್ದು. ಹೋಗಲಿ, ನಾನೂ ಬರ್ತೀನಿ. ಕಾಲೂರದೆ ದಾಟಿದ್ರಾ, ಬೈಕು ಮನೇಲೇ ಇರಲಿ, ನಾನು ತುಟಿ ಪಿಟಕ್ ಅನ್ನಲ್ಲ. ಕಾಲು ನೆಲಕ್ಕೆ ತಾಗಿತೋ, ಸೋಮವಾರ ಬೆಳಿಗ್ಗೆ ಗುಜರಿಯವನು ಬಾಗಿಲಲ್ಲಿರ್ತಾನೆ.”

“ಆಯ್ತು,” ಎಂದರು ಸಾಹೇಬರು. ಅವರಿಗೆ ಒಂದಿಷ್ಟೂ ಅಳುಕಿರಲಿಲ್ಲ. ಬೈಕು ಅವರಿಗೆ ಗೊತ್ತಿತ್ತು, ಬೈಕಿಗೆ ಅವರು ಗೊತ್ತಿದ್ದರು. ಇಬ್ಬರ ಸೊಟ್ಟವೂ ಇಬ್ಬರಿಗೂ ಬಾಯಿಪಾಠ.

ಇನ್ನು ಹೇಳುವುದನ್ನು ಸಾಹೇಬರು ಆಗ ತಿಳಿದಿರಲಿಲ್ಲ, ಆದರೆ ನೀವು ತಿಳಿದಿರಬೇಕು. ಅವರ ಹೆಂಡತಿ ಬಾಯಲ್ಲಿ ಗುಜರಿ ಎಂದರೂ ಮನಸ್ಸಿನಲ್ಲಿ ಮರುಗುತ್ತಿದ್ದರು. ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿರುಪು ತಿಕ್ಕುವಾಗ ಗಂಡನ ಮುಖ ಹೇಗಿರುತ್ತಿತ್ತು ಎಂಬುದನ್ನು ಅವರು ನೋಡಿದ್ದರು. ಸಾಮಾನು ಗಾಡಿಯ ತಮ್ಮನನ್ನು ಕರೆದು ಕೇಳಿದರು:

“ಲೋ, ಕಿಡಿಯಣ್ಣ ಆವತ್ತು ಚಾಸಿ ಸೊಟ್ಟ ಅಂದಿದ್ನಲ್ಲ, ನಿಜವೇನೋ?”

“ನಿಜ ಅಕ್ಕ. ಗಾಡಿಗೆ ಹೇರುವಾಗಲೇ ನನಗೂ ಅನ್ನಿಸಿತ್ತು. ಭಾವನಿಗೆ ಹೇಳೋ ಧೈರ್ಯ ಯಾರಿಗಿದೆ? ಈಗ ಅವರ ಸೊಂಟಾನೂ ಸೊಟ್ಟ, ಬೈಕೂ ಸೊಟ್ಟ. ಎರಡರಲ್ಲಿ ಒಂದನ್ನಾದ್ರೂ ನೇರ ಮಾಡಿಸೋಣ.”

ಪಂದ್ಯದ ಹಿಂದಿನ ದಿನ ಸಾಹೇಬರು ಕಚೇರಿಯಲ್ಲಿದ್ದಾಗ ಅಕ್ಕ ತಮ್ಮ ಸೇರಿ ಬೈಕನ್ನು ವೆಲ್ಡಿಂಗ್ ಶೆಡ್ಡಿಗೆ ತಳ್ಳಿಕೊಂಡು ಹೋದರು. ಕಿಡಿಯಣ್ಣನಿಗೆ ತನ್ನ ಮಾತು ನಿಜವಾದ ಖುಷಿ. ಎಂಜಿನ್ ಇಳಿಸಿ, ಚಾಸಿಯ ಒಂದು ತುದಿಯನ್ನು ಕಂಬಕ್ಕೆ ಸರಪಳಿಯಿಂದ ಬಿಗಿದು, ಇನ್ನೊಂದು ತುದಿಗೆ ಜಾಕ್ ಕೊಟ್ಟು, ನಡುವೆ ಬೆಂಕಿ ಹಿಡಿದು ಒತ್ತಿದ. ಒತ್ತುವುದು, ದಾರ ಹಿಡಿಯುವುದು, ಮತ್ತೆ ಒತ್ತುವುದು. ಕಡೆಗೆ ಸುಟ್ಟ ಜಾಗಕ್ಕೆ ಅದೇ ಬಣ್ಣ ಬಳಿದು, ಎಂಜಿನ್ ಕೂರಿಸಿ, ಕೈ ಒರೆಸಿಕೊಂಡ.

“ಅಮ್ಮಾವ್ರೇ, ಈಗ ಹ್ಯಾಂಡಲ್ ಬಿಟ್ಟರೂ ನೇರ ಹೋಗುತ್ತೆ. ಸಾಹೇಬ್ರಿಗೆ ಒಂದು ಮಾತು ಹೇಳ್ಬೇಡ್ವಾ?”

“ಬೇಡ ಕಣಪ್ಪ. ನೇರ ಮಾಡಿದೀವಿ ಅಂದ್ರೆ ಸೊಟ್ಟ ಇತ್ತು ಅಂದ ಹಾಗಾಗುತ್ತೆ. ಮನಸ್ಸಿಗೆ ನೋವು ಮಾಡ್ಕೋತಾರೆ.”

ಪ್ರೀತಿಯಿಂದ ಮಾಡುವ ಉಪಕಾರಕ್ಕೆ ತಡೆಯಾಜ್ಞೆ ತರುವ ಕಾನೂನು ಇನ್ನೂ ಯಾವ ದೇಶದಲ್ಲೂ ಬಂದಿಲ್ಲ.

ಭಾನುವಾರ ಕ್ವಾರಿಯ ತುಂಬ ಹಳೆಯ ಬೈಕುಗಳು, ಅವುಗಳಿಗಿಂತ ಸ್ವಲ್ಪ ಹಳೆಯ ಸವಾರರು. ಒಬ್ಬರ ಬೈಕಿನ ಮುಂದಿನ ಫೋರ್ಕು ಬೇರೊಂದು ಬೈಕಿನದು, ಒಬ್ಬರ ಚಕ್ರ ಇನ್ನೊಂದರದು. ಬೆಸುಗೆ ಹಾಕದ ಚಾಸಿ ಒಂದೂ ಇರಲಿಲ್ಲ. ಯಾರೂ ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. “ನಂದು ಮೂರು ಕಡೆ ಬಿರುಕು ಬಿಟ್ಟಿದೆ, ನಿಂದು?” ಎಂದು ಮಂಡಿನೋವಿನ ಬಗ್ಗೆ ಮಾತಾಡುವ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಸಾಹೇಬರು ಮಾತ್ರ ಯಾರಾದರೂ ಚಾಸಿಯ ಕಡೆ ಬಗ್ಗಿದರೆ ನಡುವೆ ಬಂದು ನಿಲ್ಲುತ್ತಿದ್ದರು.

ಇಂಥ ಪಂದ್ಯಕ್ಕೆ ಸವಾರರು ಸಿಗುತ್ತಾರೆ, ತೀರ್ಪುಗಾರರು ಸಿಗುವುದಿಲ್ಲ. ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಇನ್ನೊಬ್ಬರ ಕಾಲನ್ನೇ ನೋಡುತ್ತ ಕೂರಲು ಯಾರಿಗೆ ಬೇಕಾಗಿದೆ? ಈ ಸಲ ಒಬ್ಬರು ತಾವಾಗಿಯೇ ಮುಂದೆ ಬಂದಿದ್ದರು. ಹಗ್ಗದ ಪಕ್ಕ, ಕೆಸರುಗುಂಡಿಯ ದಡದಲ್ಲಿ, ಮಡಚುವ ಕುರ್ಚಿಯ ಮೇಲೆ, ಕೊಡೆ ಬಿಚ್ಚಿಕೊಂಡು ದಿನಸಿ ಅಂಗಡಿಯವರು ಕೂತಿದ್ದರು.

“ನೀವಾ?” ಎಂದರು ಸಾಹೇಬರು.

“ನೀವು ನನ್ನ ತಕ್ಕಡಿ ನೋಡ್ತೀರಿ, ನಾನು ನಿಮ್ಮ ಕಾಲು ನೋಡ್ತೀನಿ. ವಾರವೆಲ್ಲ ಕೂತು ನಿಯಮ ಬಾಯಿಪಾಠ ಮಾಡಿದೀನಿ ಸಾಹೇಬ್ರೇ. ನನ್ನ ಕಡೆಯಿಂದ ಕೂದಲೆಳೆಯಷ್ಟೂ ಅನ್ಯಾಯ ಆಗಲ್ಲ.”

ಹಗ್ಗದ ಆಚೆ ಮೇಡಂ, ನರ್ಸಮ್ಮ, ದೊಡ್ಡಕ್ಕ, ಹೆಂಡತಿ, ಕಿಡಿಯಣ್ಣ ಸಾಲಾಗಿ ನಿಂತಿದ್ದರು. ದೊಡ್ಡಕ್ಕನ ಕೈಯಲ್ಲಿ ಕಿತ್ತಳೆ. ಸಾಹೇಬರು ಮೊದಲು ಹಗ್ಗಗಳ ನಡುವೆ ನಡೆದು ದಾರಿ ನೋಡಿಕೊಂಡು ಬಂದರು: ದಿಮ್ಮಿ, ಏರು, ಮೂರು ಬಂಡೆ, ಗುಂಡಿಯ ಅಂಚು, ಆಚೆ. ಒಂದು ಸುತ್ತು ಓಡಿಸಿ ನೋಡುತ್ತೇನೆ ಎಂದಾಗ ಬಾವಮೈದ ತಡೆದ. “ಬೇಡ ಭಾವ, ಎಂಜಿನ್ ದಣಿಯುತ್ತೆ.” ಅವನಿಗೆ ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ ಎಂಬ ಭಯ.

ಸಾಹೇಬರು ಬೈಕಿನ ಮೇಲೆ ಎದ್ದು ನಿಂತರು. ಬಲ ಸೊಂಟ ಹೊರಗೆ, ಬಲ ಮಂಡಿ ಮಡಿಚಿ, ಎಡ ಮೊಣಕೈ ಮೇಲೆ, ಕತ್ತು ವಾರೆ. ಮುಖದಲ್ಲಿ ಸೇನಾಧಿಪತಿಯ ಗಾಂಭೀರ್ಯ. ಕ್ಲಚ್ ಬಿಟ್ಟರು.

ಬೈಕು ಬಲಕ್ಕೆ ಹೋಯಿತು.

ಸಾಹೇಬರಿಗೆ ಇದು ಅರ್ಥವಾಗಲಿಲ್ಲ. ಆ ಬೈಕಿನ ಬಾಳಿನಲ್ಲಿ ಬಲ ಎಂಬ ದಿಕ್ಕೇ ಇರಲಿಲ್ಲ. ಕೈ ತಪ್ಪಿದಾಗ ಏನು ಮಾಡಬೇಕು ಎಂದು ಅವರ ಮೈಗೆ ಗೊತ್ತಿದ್ದದ್ದು ಒಂದೇ, ಇನ್ನಷ್ಟು ಬಲಕ್ಕೆ ವಾಲುವುದು. ವಾಲಿದರು. ಬೈಕು ವಿಧೇಯ ಮಗನ ಹಾಗೆ ಇನ್ನಷ್ಟು ಬಲಕ್ಕೆ ಹೋಯಿತು. ದಿಮ್ಮಿಯನ್ನು ಅಡ್ಡಡ್ಡ ಹತ್ತಿತು, ಹಗ್ಗವನ್ನು ಎದೆಯ ಮೇಲೆ ಹಾರದಂತೆ ಧರಿಸಿತು, ದಿನಸಿ ಅಂಗಡಿಯವರ ಕಡೆ ನೆಟ್ಟಗೆ ನಡೆಯಿತು. ಅಂಗಡಿಯವರು ಕೊಡೆ ಬಿಟ್ಟು ಓಡಿದರು. ಬೈಕು ಕುರ್ಚಿಯ ಒಂದು ಕಾಲು ಮುರಿದು, ಅದನ್ನು ಕೆಸರಿಗೆ ತಳ್ಳಿ, ದಡದಲ್ಲೇ ನಿಂತಿತು. ಸಾಹೇಬರು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ, ಎರಡೂ ಕಾಲು ಆಕಾಶಕ್ಕೆ ಮಾಡಿ, ತಲೆ ಮುಂದಾಗಿ ಕೆಸರುಗುಂಡಿಗೆ ಇಳಿದರು.

“ಬಡೀತು! ಎರಡನೇ ಸಲ ಬಡೀತು!” ಎಂದು ನರ್ಸಮ್ಮ ಸೀರೆ ಎತ್ತಿಕಟ್ಟಿ ಓಡಿಬಂದರು.

“ಅಯ್ಯೋ ನನ್ನ ತಮ್ಮಾ!” ಎಂದು ದೊಡ್ಡಕ್ಕ ಕಿತ್ತಳೆ ಎಸೆದರು.

ಮೇಡಂ ಕಣ್ಣು ಮುಚ್ಚಿದರು. ಹೆಂಡತಿ ಬಿಳಿಚಿಕೊಂಡರು.

ಸಾಹೇಬರು ಎದ್ದರು. ಮೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. “ನಗಿ, ನಗಿ!” ಎಂದು ಹಿಂದೆ ಬಿದ್ದ ನರ್ಸಮ್ಮನನ್ನು ಪಕ್ಕಕ್ಕೆ ಸರಿಸಿ, ನೇರ ಬೈಕಿನ ಹಿಂದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು ಎಡಗಣ್ಣು ಮುಚ್ಚಿದರು. ಆಮೇಲೆ ಅವರು ಕೂಗಿದ ಕೂಗಿಗೆ ಬಂಡೆಗಳಿಂದ ಪಾರಿವಾಳಗಳು ಎದ್ದವು.

“ಯಾವನು? ಯಾವನು ನನ್ನ ಚಾಸಿ ನೇರ ಮಾಡಿದ್ದು?”

ಕೊಡೆ ಹುಡುಕುತ್ತಿದ್ದ ದಿನಸಿ ಅಂಗಡಿಯವರು ಮೆಲ್ಲಗೆ ತಲೆಯೆತ್ತಿದರು.

“ನೇರ ಮಾಡಿದ್ದಾ? ಅಂದ್ರೆ ಸಾಹೇಬ್ರೇ... ಮೊದಲು?”

“ಸೊಟ್ಟ ಇತ್ತು ಕಣ್ರೀ! ಬಂದ ದಿನದಿಂದ ಸೊಟ್ಟ ಇತ್ತು! ಅದರ ಸೊಟ್ಟಕ್ಕೆ ಸರಿಯಾಗಿ ನನ್ನ ಮೈ ಬಗ್ಗಿಸಿಕೊಂಡು, ಎಷ್ಟು ತಿಂಗಳು ಒದ್ದಾಡಿ ಹದ ಮಾಡಿದ್ದೆ! ಈಗ ನೇರ ಮಾಡಿ ಹಾಳು ಮಾಡಿದಾರೆ!”

“ಕುಣಿಯಲಾರದವಳು ನೆಲ ನೇರ ಅಂದಳಂತೆ!” ಎಂದರು ಅಂಗಡಿಯವರು. ಉಪ್ಪಿನಲ್ಲಿ ಹಾಕಿಟ್ಟದ್ದು ಕಡೆಗೂ ಎಲೆಗೆ ಬಿತ್ತು. ಕ್ವಾರಿಗೆ ಕ್ವಾರಿಯೇ ನಕ್ಕಿತು. ಸವಾರರೆಲ್ಲ ಹೊಟ್ಟೆ ಹಿಡಿದುಕೊಂಡರು.

ಮೇಡಂ ಮಾತ್ರ ನಗಲಿಲ್ಲ. “ಅಂದ್ರೆ ನಿಮಗೆ ಪಾರ್ಶ್ವವಾಯು ಇಲ್ವಾ?”

“ಇಲ್ಲ ಮೇಡಂ. ಬೈಕು ಎಡಕ್ಕೆ ಎಳೀತಿತ್ತು, ನಾನು ಬಲಕ್ಕೆ ವಾಲ್ತಿದ್ದೆ. ಅದೇ ಅಭ್ಯಾಸ ಆಗಿಹೋಯ್ತು.”

“ಇಷ್ಟು ದಿನ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

ಸಾಹೇಬರು ಬಾವಮೈದನ ಗಾಡಿಯ ಹತ್ತಿರ ನಡೆದು ಮರದ ಪೆಟ್ಟಿಗೆ ತೆರೆದರು. ಭಾನುವಾರವೂ ಅದನ್ನು ಬಿಟ್ಟಿರುವವರಲ್ಲ. ಮುದ್ರೆಯ ಸುತ್ತಿಗೆಯನ್ನು ತಂದು, ಕೆಸರುಗೈಯಿಂದಲೇ ದಿನಸಿ ಅಂಗಡಿಯವರ ಮುಂದೆ ಹಿಡಿದರು.

“ತಗೊಳ್ಳಿ. ಮಾತು ಮಾತೇ.”

ನಗು ನಿಂತಿತು. ಅಂಗಡಿಯವರು ಸುತ್ತಿಗೆ ನೋಡಿದರು, ಸಾಹೇಬರ ಮುಖ ನೋಡಿದರು. ಇಷ್ಟು ದಿನ ಕಾದ ಗಳಿಗೆ ಕೈಗೆ ಬಂದಾಗ ಅದು ಅವರು ಎಣಿಸಿದಷ್ಟು ತೂಕ ಇರಲಿಲ್ಲವೋ ಏನೋ.

“ಸುತ್ತಿಗೆ ತಗೊಂಡು ನಾನೇನು ಬೆಲ್ಲ ಒಡೀಲಾ? ಒಳಗಿಡಿ ಸಾಹೇಬ್ರೇ. ಸೊಟ್ಟ ಅಂತ ನಿಮ್ಮ ಬಾಯಲ್ಲೇ ಬಂತಲ್ಲ, ನನಗೆ ಅಷ್ಟೇ ಸಾಕು. ಆದರೆ ಈಗಲಾದ್ರೂ ಹೇಳಿ, ನನ್ನ ತಕ್ಕಡಿ...”

“ಸೊಟ್ಟ.”

“ಇನ್ನೂ?”

“ಆವತ್ತು ನಾನಿನ್ನೂ ಬೈಕೇ ತಂದಿರಲಿಲ್ಲ. ನೆಟ್ಟಗೆ ನಿಂತು ನೋಡಿದ್ದು. ನಿಮ್ಮ ದಂಡಿ ಆವತ್ತೂ ಸೊಟ್ಟ, ಇವತ್ತೂ ಸೊಟ್ಟ.”

ಈ ಸಲ ಜನ ಅಂಗಡಿಯವರನ್ನು ನೋಡಿ ನಕ್ಕರು. ಅಂಗಡಿಯವರೂ ಬೇರೆ ದಾರಿ ಕಾಣದೆ ನಕ್ಕರು. ಮೇಡಂ ದೂರು ಅಲ್ಲಿಗೆ ಮುಗಿಯಿತೆಂದು ಹೇಳಿದರು. ಆದರೆ ಸಾಹೇಬರ ಮುಖ ಅರಳಲಿಲ್ಲ. ಅವರು ಹೆಂಡತಿಯ ಕಡೆ ನೋಡುತ್ತಿದ್ದರು. ಸೋಮವಾರ, ಗುಜರಿ. ಅವರ ಕೈ ತನ್ನಷ್ಟಕ್ಕೇ ಟ್ಯಾಂಕಿನ ಮೇಲಿನ ಕೆಸರನ್ನು ಒರೆಸುತ್ತಿತ್ತು.

“ರೀ, ನೇರ ಮಾಡಿಸಿದ್ದು ನಾನು,” ಎಂದರು ಹೆಂಡತಿ. “ನೀವು ದಾಟಲಿ ಅಂತ.”

“ಕಾಲೂರಿದ್ರೆ ಗುಜರಿ ಅಂದಿದ್ದೆ ನೀನು.”

“ಅಂದಿದ್ದೆ,” ಎಂದು ಅವರು ದಿನಸಿ ಅಂಗಡಿಯವರ ಕಡೆ ತಿರುಗಿದರು. “ನೀವೇ ಹೇಳಿ. ಕಾಲು ನೆಲಕ್ಕೆ ತಾಗಿತಾ?”

ಅಂಗಡಿಯವರು ಕೆಸರಲ್ಲಿ ಮುರಿದು ಬಿದ್ದ ಕುರ್ಚಿಯನ್ನು ಎತ್ತಿ, ಮೂರು ಕಾಲಿನ ಮೇಲೆ ನಿಲ್ಲಿಸಿ, ಅದರ ಪಕ್ಕ ನಿಂತರು. ತೀರ್ಪುಗಾರನಿಗೆ ಪೀಠ ಬೇಕಲ್ಲ.

“ಬಿದ್ದರೆ ಐದು ತಪ್ಪು. ಅದು ಪಂದ್ಯದ ಲೆಕ್ಕ, ಅದನ್ನ ಹಾಕ್ತೀನಿ. ಆದರೆ ಅಮ್ಮಾವ್ರು ಕೇಳಿದ್ದು ಕಾಲಿನ ವಿಷಯ. ಶುರುವಿನಿಂದ ಕೊನೆವರೆಗೂ ನಾನು ಕಾಲನ್ನೇ ನೋಡ್ತಾ ಇದ್ದೆ. ತಲೆ ತಾಗಿತು, ಹೆಗಲು ತಾಗಿತು, ಕಿವಿ ಪೂರ್ತಿ ತಾಗಿತು. ಕಾಲು ಎರಡೂ ಮೇಲಿದ್ವು. ಕೂದಲೆಳೆಯಷ್ಟೂ ತಾಗಿಲ್ಲ.”

ಗುಜರಿಯವನು ಸೋಮವಾರ ಬರಲಿಲ್ಲ. ದೊಡ್ಡಕ್ಕ ಉಳಿದ ಕಿತ್ತಳೆ ತಾವೇ ತಿಂದು ಬಸ್ಸು ಹತ್ತಿದರು. ನರ್ಸಮ್ಮ ಮಾತ್ರ ಎರಡು ದಿನ ಸಾಹೇಬರ ಜೊತೆ ಮಾತು ಬಿಟ್ಟಿದ್ದರು. ಬಂದ ಕಾಯಿಲೆಯನ್ನು ಕಳೆದುಕೊಂಡ ರೋಗಿಯನ್ನು ಅವರು ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ.

ಆ ಸೋಮವಾರ ಸಾಹೇಬರೇ ಬೈಕು ತಳ್ಳಿಕೊಂಡು ವೆಲ್ಡಿಂಗ್ ಶೆಡ್ಡಿಗೆ ಹೋದರು.

“ಕಿಡಿಯಣ್ಣ, ಇದನ್ನ ಮತ್ತೆ ಸೊಟ್ಟ ಮಾಡು.”

ಕಿಡಿಯಣ್ಣ ಕನ್ನಡಕ ಹಣೆಗೇರಿಸಿದ. “ನೇರ ಮಾಡು ಅಂದವರನ್ನ ನೋಡಿದೀನಿ. ಸೊಟ್ಟ ಮಾಡು ಅಂದವರು ನೀವೇ ಮೊದಲು. ಎಷ್ಟು ಮಾಡ್ಲಿ?”

“ಮೊದಲು ಇದ್ದಷ್ಟು.”

“ಮೊದಲು ಎಷ್ಟಿತ್ತು?”

“ನೀನೇ ಅಲ್ವಾ ಒತ್ತಿದ್ದು?”

“ನೇರ ಬರೋವರೆಗೂ ಒತ್ತಿದೆ, ನಿಲ್ಲಿಸಿದೆ. ಅಳತೆ ಯಾರು ಇಟ್ಕೋತಾರೆ? ಅಳತೆ ಇಲಾಖೆಯವರು ನೀವು. ನೀವು ಅಳೀಲಿಲ್ವಾ?”

ಸಾಹೇಬರು ಊರಿನ ಪ್ರತಿಯೊಂದು ತಟ್ಟೆ, ದಂಡಿ, ಗಜಕಡ್ಡಿಯನ್ನು ಅಳೆದವರು. ಅಳೆದರೆ ಸೊಟ್ಟ ಎಂದು ಒಪ್ಪಬೇಕಾಗುತ್ತದೆಂದು ಇದೊಂದನ್ನು ಅವರು ಅಳೆದಿರಲಿಲ್ಲ.

ಕಡೆಗೆ ಒಂದು ಉಪಾಯ ಮಾಡಿದರು. ಕಿಡಿಯಣ್ಣ ಒತ್ತಿ ಒತ್ತಿ ಬಿಡುವುದು, ಸಾಹೇಬರು ಹತ್ತಿ ತಮ್ಮ ಭಂಗಿಯಲ್ಲಿ ನಿಂತು ನೋಡುವುದು. “ಇನ್ನೂ ಚೂರು. ಅಯ್ಯೋ, ಜಾಸ್ತಿ ಆಯ್ತು. ಹಿಂದಕ್ಕೆ ತಗೋ. ಹಾಂ, ಸಾಕು!” ಮುಂದಿನ ಪಂದ್ಯದಲ್ಲಿ ಸಾಹೇಬರು ದಿಮ್ಮಿ, ಏರು, ಮೂರು ಬಂಡೆ, ಗುಂಡಿಯ ಅಂಚು ಎಲ್ಲವನ್ನೂ ಕಾಲೂರದೆ ದಾಟಿದರು. ಹೊಸ ಕುರ್ಚಿಯಲ್ಲಿ ಕೂತಿದ್ದ ದಿನಸಿ ಅಂಗಡಿಯವರು ಮುಷ್ಟಿ ಎತ್ತಿ “ಸೊನ್ನೆ ತಪ್ಪು!” ಎಂದು ಸಾರಿದರು. ಆ ವಾರವೇ ತಮ್ಮ ದಂಡಿಯನ್ನೂ ತಿದ್ದಿಸಿದರು. ಟಣ್ ಎಂಬ ಸದ್ದು ನನ್ನ ಕಿವಿಗೂ ಬಿತ್ತು.

ಚಾಸಿ ಮೊದಲು ಎಷ್ಟು ಸೊಟ್ಟ ಇತ್ತು, ಈಗ ಇರುವ ಸೊಟ್ಟ ಅದೇ ಸೊಟ್ಟವೋ ಅಥವಾ ಹೊಸದೋ, ಇದನ್ನು ಮಾತ್ರ ನಾನು ಹೇಳಲಾರೆ. ಸಾಹೇಬರಿಗೂ ಗೊತ್ತಿಲ್ಲ, ಕಿಡಿಯಣ್ಣನಿಗೂ ಗೊತ್ತಿಲ್ಲ. ಕೇಳಿಯೇಬಿಡೋಣವೆಂದು ಒಂದು ಸಂಜೆ ಸಾಹೇಬರ ಮನೆಗೆ ಹೋಗಿದ್ದೆ. ಅವರು ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, ಎಡಗಣ್ಣು ಮುಚ್ಚಿ, ನನ್ನನ್ನೇ ದಿಟ್ಟಿಸಿ, “ನಿಮ್ಮ ಬಲ ಹೆಗಲು ಸ್ವಲ್ಪ ಕೆಳಗಿದೆ” ಎಂದರು. ಇದ್ದರೂ ಇರಬಹುದು. ನನಗೆ ಗೊತ್ತಿಲ್ಲ.